ಬೆಟ್ಟ ಹತ್ತುವ ಕಾರ್ಯಕ್ರಮ: ಪೋಷಕರಿಗೆ ಒಂದು ಪತ್ರ

ಪ್ರಿಯ ಪೋಷಕರೇ,

ನಮಸ್ಕಾರ. ಕಳೆದ ಶನಿವಾರ ಎಂಟು, ಒಂಬತ್ತು, ಹತ್ತನೇ ತರಗತಿಯ ಮಕ್ಕಳಿಗೆ ಶಾಲೆಯಲ್ಲಿ ನಡೆದ ಕಾರ್ಯಕ್ರಮದ ಬಗ್ಗೆ ನಿಮ್ಮಲ್ಲಿ ಕೆಲವರು ಫೋನ್ ಮಾಡಿದ್ದೀರಿ, ಕೆಲವರು ನೇರ ಆಫೀಸಿಗೇ ಬಂದು ಮಾತಾಡಿದ್ದೀರಿ. ವಾಟ್ಸಾಪ್ ಗುಂಪುಗಳಲ್ಲಿ ಓಡಾಡಿದ ಮೆಸೇಜುಗಳೂ ನನ್ನ ತನಕ ಬಂದಿವೆ. ಒಬ್ಬೊಬ್ಬರಿಗೆ ಒಂದೊಂದು ಉತ್ತರ ಹೇಳುವುದಕ್ಕಿಂತ ಎಲ್ಲರಿಗೂ ಸೇರಿಸಿ ಬರೆದುಬಿಡೋಣ ಅಂತ ಕೂತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಬೇಜಾರು ಮಾಡಿಕೊಳ್ಳಬೇಡಿ.

ನಡೆದದ್ದು ಇಷ್ಟು. ಸ್ತನ ಕ್ಯಾನ್ಸರ್ ಬಂದು, ಚಿಕಿತ್ಸೆ ಮುಗಿಸಿ ಗುಣವಾಗಿರುವ ಮೈಸೂರಿನ ಕೆಲವು ಹೆಂಗಸರು ಈ ತಿಂಗಳ ಕೊನೆಯ ಭಾನುವಾರ ಚಾಮುಂಡಿ ಬೆಟ್ಟವನ್ನು ಮೆಟ್ಟಿಲ ದಾರಿಯಲ್ಲಿ ಹತ್ತುತ್ತಿದ್ದಾರೆ. ಅವರಲ್ಲಿ ಒಬ್ಬರು ನಮ್ಮದೇ ಶಾಲೆಯ ಹಳೇ ವಿದ್ಯಾರ್ಥಿನಿ. ಮಕ್ಕಳನ್ನೂ ಕಳಿಸಿ ಸಾರ್ ಎಂದು ಕೇಳಿದರು. ಕರೆದುಕೊಂಡು ಹೋಗುವ ಮುಂಚೆ ಯಾಕೆ ಹೋಗುತ್ತಿದ್ದೇವೆ ಅಂತ ಮಕ್ಕಳಿಗೆ ಗೊತ್ತಿರಬೇಕು ಅಲ್ವಾ? ಅದಕ್ಕೇ ಅವರನ್ನು ಶಾಲೆಗೆ ಕರೆಸಿ ಮಾತಾಡಿಸಿದೆವು.

ಬರೀ ಕಾಯಿಲೆಯ ಮಾತು ಆಗಬಾರದು ಎಂದು ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರು ಮೊದಲು ದಕ್ಷಿಣ ಅಮೆರಿಕದ ನಕಾಶೆ ನೇತುಹಾಕಿ ಆಂಡಿಸ್ ಪರ್ವತಗಳನ್ನು ತೋರಿಸಿದರು. ಅಲ್ಲಿ ಅರ್ಜೆಂಟೀನಾದಲ್ಲಿ ಅಕೊಂಕಾಗುವಾ ಅಂತ ಒಂದು ಪರ್ವತ ಇದೆ. ಎತ್ತರ 6,961 ಮೀಟರ್. ಏಷ್ಯಾ ಬಿಟ್ಟರೆ ಜಗತ್ತಿನಲ್ಲಿ ಇದಕ್ಕಿಂತ ಎತ್ತರದ್ದು ಬೇರೆ ಇಲ್ಲ. ತುದಿಯಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಅರ್ಧಕ್ಕಿಂತ ಕಡಿಮೆ. 1995ರಲ್ಲಿ ಲಾರಾ ಇವಾನ್ಸ್ ಎಂಬ ಅಮೆರಿಕದ ಹೆಂಗಸು, ತಾನೂ ಸ್ತನ ಕ್ಯಾನ್ಸರ್‌ನಿಂದ ಎದ್ದು ಬಂದವರು, ತಮ್ಮಂಥವರನ್ನೇ ಜೊತೆ ಮಾಡಿಕೊಂಡು ಈ ಪರ್ವತಕ್ಕೆ ಹೊರಟರು. ಒಟ್ಟು 17 ಮಂದಿ. ಸಂಶೋಧನೆಗೆ ಹಣ ಕೂಡಿಸಬೇಕಿತ್ತು, ಜನ ಈ ಕಾಯಿಲೆಯ ಹೆಸರು ಎತ್ತಿ ಮಾತಾಡುವ ಹಾಗೆ ಮಾಡಬೇಕಿತ್ತು. ತುದಿ ಮುಟ್ಟಿದ್ದು ಕೆಲವರು ಮಾತ್ರ.

ಇದನ್ನು ಕೇಳಿ ಎಂಟನೇ ತರಗತಿಯ ಒಬ್ಬಳು ಎದ್ದು ನಿಂತು, ‘ತುದಿ ಮುಟ್ಟದವರಿಗೆ ಬೇಜಾರಾಗಲಿಲ್ವಾ ಮೇಡಂ?’ ಅಂತ ನಮ್ಮ ಅತಿಥಿಯನ್ನು ಕೇಳಿದಳು. ಅವರು ನಕ್ಕು, ‘ಅವರ ವಿಷಯ ಗೊತ್ತಿಲ್ಲಮ್ಮ, ನಾನಂತೂ ನಂದಿ ತನಕ ಹೋಗಿ ಸುಸ್ತಾದರೆ ಅಲ್ಲೇ ಎಳನೀರು ಕುಡಿದು ಇಳಿದುಬಿಡ್ತೀನಿ’ ಅಂದರು. ಇಡೀ ಹಾಲ್ ನಕ್ಕಿತು. ಮಕ್ಕಳು ಹೆದರಿಕೊಂಡು ಮನೆಗೆ ಬಂದಿದ್ದಾರೆ ಎಂದು ಒಂದು ಮೆಸೇಜಿನಲ್ಲಿ ಓದಿದೆ. ನಾನು ಅಲ್ಲೇ ಇದ್ದೆ. ಹೆದರಿದ ಮುಖ ನನಗಂತೂ ಕಾಣಲಿಲ್ಲ.

ಈಗ ನಿಮ್ಮ ಆಕ್ಷೇಪಣೆಗೆ ಬರುತ್ತೇನೆ. ಹುಡುಗರನ್ನು ಯಾಕೆ ಕೂರಿಸಿದಿರಿ? ಬಹಳಷ್ಟು ಜನ ಕೇಳಿದ್ದು ಇದೊಂದೇ. ಹೆಣ್ಣುಮಕ್ಕಳಿಗೆ ಬೇಕಾದರೆ ಬೇರೆ ಕೋಣೆಯಲ್ಲಿ ಹೇಳಬಹುದಿತ್ತು, ಗಂಡುಹುಡುಗರಿಗೆ ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಅಂತ. ನಿಮ್ಮ ಮುಜುಗರ ನನಗೆ ಅರ್ಥವಾಗುತ್ತದೆ. ನಾನೂ ಹಳ್ಳಿಯಲ್ಲಿ ಬೆಳೆದವನೇ. ನಮ್ಮ ಮನೆಯಲ್ಲಿ ಹೆಂಗಸರ ಕಾಯಿಲೆ ಅಂದರೆ ಅಡುಗೆಮನೆಯ ಬಾಗಿಲ ಆಚೆ ಬರುತ್ತಿರಲಿಲ್ಲ. ಅದಕ್ಕೇ ಹುಡುಗರೂ ಕೂರಲಿ ಎಂದು ನಾನು ಹೇಳಿದ್ದು.

ಯೋಚನೆ ಮಾಡಿ ನೋಡಿ. ಒಂದು ಗಂಟು ಕೈಗೆ ಸಿಗುತ್ತದೆ. ಸಾಮಾನ್ಯವಾಗಿ ಅದು ಶುರುವಿನಲ್ಲಿ ನೋಯುವುದಿಲ್ಲ. ನೋವಿಲ್ಲ ಅಂದಮೇಲೆ ಏನೂ ಇಲ್ಲ ಬಿಡು ಅಂತ ತಾಯಿ ಸುಮ್ನಿರುತ್ತಾಳೆ. ಗಂಡನ ಹತ್ತಿರ ಹೇಳುವುದು ಹೇಗೆ, ಬೆಳೆದ ಮಗನ ಹತ್ತಿರ ಹೇಳುವುದು ಹೇಗೆ, ಹಬ್ಬ ಮುಗಿಯಲಿ, ಮಗಳ ಪರೀಕ್ಷೆ ಮುಗಿಯಲಿ ಅಂತ ತಿಂಗಳುಗಟ್ಟಲೆ ತಳ್ಳುತ್ತಾಳೆ. ಬಹಳ ಮನೆಗಳಲ್ಲಿ ಆಸ್ಪತ್ರೆಗೆ ಹೋಗಬೇಕು ಅಂದರೆ ಗಾಡಿ ತೆಗೆಯುವವರು ಗಂಡಸರು, ದುಡ್ಡು ಬಿಚ್ಚುವವರೂ ಗಂಡಸರು. ಅವರ ಎದುರಿಗೇ ಹೇಳುವ ಹಾಗಿಲ್ಲ ಅಂದರೆ ಆ ಹೆಂಗಸು ಯಾರ ಹತ್ತಿರ ಹೇಳಬೇಕು? 2022ರ ಜಾಗತಿಕ ಅಂದಾಜಿನ ಪ್ರಕಾರ ನಮ್ಮ ದೇಶದಲ್ಲಿ ಒಂದೇ ವರ್ಷದಲ್ಲಿ ಸುಮಾರು 1.92 ಲಕ್ಷ ಹೆಂಗಸರಿಗೆ ಹೊಸದಾಗಿ ಸ್ತನ ಕ್ಯಾನ್ಸರ್ ಬಂದಿದೆ, 98 ಸಾವಿರದಷ್ಟು ಜನ ತೀರಿಕೊಂಡಿದ್ದಾರೆ. ತಡವಾಗಿ ಡಾಕ್ಟರ ಹತ್ತಿರ ಹೋಗುವುದು ಇದಕ್ಕೆ ಒಂದು ದೊಡ್ಡ ಕಾರಣ. ಬೇಗ ಗೊತ್ತಾದರೆ ಗುಣವಾಗುವ ಕಾಯಿಲೆ ಇದು.

ನಮ್ಮ ಹುಡುಗರು ಅಲ್ಲಿ ಕೇಳಬಾರದ್ದು ಏನನ್ನೂ ಕೇಳಲಿಲ್ಲ, ನೋಡಬಾರದ ಚಿತ್ರ ಒಂದನ್ನೂ ತೋರಿಸಿಲ್ಲ. ಒಂಬತ್ತನೇ ತರಗತಿಯ ಹುಡುಗನೊಬ್ಬ ನಮ್ಮ ಅತಿಥಿಯ ಎಡಗೈ ನೋಡಿ, ‘ಮೇಡಂ, ಕೈಗೆ ಯಾಕೆ ಸಾಕ್ಸ್ ಹಾಕಿದ್ದೀರಿ?’ ಅಂದ. ಮೈಬಣ್ಣದ್ದು, ಮಣಿಕಟ್ಟಿನಿಂದ ರಟ್ಟೆಯ ತನಕ ಬಿಗಿಯಾಗಿ ಏರಿಸಿದ ತೋಳುಚೀಲ ಅದು. ಆಪರೇಷನ್ ಮಾಡುವಾಗ ಕಂಕುಳಿನ ಗ್ರಂಥಿಗಳನ್ನೂ ತೆಗೆದಿದ್ದರೆ ಕೆಲವರಿಗೆ ಆ ಕೈಯಲ್ಲಿ ನೀರು ತುಂಬಿ ಊದಿಕೊಳ್ಳುತ್ತದಂತೆ. ಅವರು ಚೀಲವನ್ನು ಮೊಣಕೈ ತನಕ ಸುತ್ತಿ ಇಳಿಸಿ, ಎರಡೂ ಕೈ ಜೋಡಿಸಿ ಹಿಡಿದು, ಯಾವುದು ದಪ್ಪ ಹೇಳಿ ನೋಡೋಣ ಅಂದರು. ಆ ಹುಡುಗ ಹತ್ತಿರ ಬಂದು ನೋಡಿದ. ಆಮೇಲೆ ಅವನೇ ಕುರ್ಚಿ ತಂದು, ‘ಕೂತ್ಕೊಂಡು ಮಾತಾಡಿ ಮೇಡಂ’ ಅಂದ. ಇನ್ನೊಬ್ಬ, ಇದು ಗಂಡಸರಿಗೂ ಬರುತ್ತಾ ಎಂದು ಕೇಳಿದ. ಬರುತ್ತದೆ, ಆದರೆ ನೂರು ರೋಗಿಗಳಲ್ಲಿ ಒಬ್ಬ ಗಂಡಸು ಸಿಕ್ಕರೆ ಹೆಚ್ಚು. ಇಂಥ ಪ್ರಶ್ನೆ ಕೇಳಿದ ಮಕ್ಕಳ ಬಗ್ಗೆ ಕೆಟ್ಟ ಮೆಸೇಜು ಹರಿದಾಡಿದ್ದು ನನಗೆ ಸರಿ ಕಾಣಲಿಲ್ಲ. ಇದನ್ನು ಕೋಪದಿಂದ ಹೇಳುತ್ತಿಲ್ಲ. ಆದರೆ ಹೇಳಲೇಬೇಕು.

ಹೆಣ್ಣುಮಕ್ಕಳು ಖಾಸಗಿಯಾಗಿ ಏನಾದರೂ ಕೇಳಬೇಕಿದ್ದರೆ ಅದಕ್ಕೆ ಬೇರೆ ಸಮಯ ಇಡುತ್ತೇವೆ, ಲೇಡಿ ಡಾಕ್ಟರನ್ನೇ ಕರೆಸುತ್ತೇವೆ. ತಾಯಂದಿರೂ ಬಂದು ಕೂರಬಹುದು. ನಿಮ್ಮ ಸಲಹೆಯಲ್ಲಿ ಇಷ್ಟನ್ನು ಖುಷಿಯಿಂದ ಒಪ್ಪಿದ್ದೇನೆ. ಆದರೆ ಇಂಥ ಮಾತು ಬಂದಾಗ ಹುಡುಗರನ್ನು ಎಬ್ಬಿಸಿ ಮೈದಾನಕ್ಕೆ ಅಟ್ಟುವುದು ಈ ಶಾಲೆಯಲ್ಲಿ ಆಗುವುದಿಲ್ಲ. ಹೊರಗೆ ಕಳಿಸಿದರೆ ಅವರಿಗೆ ತಿಳಿಯುವುದಿಲ್ಲ ಅಂತೀರಾ? ತಿಳಿಯುತ್ತದೆ. ಮೊಬೈಲಿನಲ್ಲಿ, ಅರ್ಧಂಬರ್ಧ, ನಗೆಯಾಡುವ ವಿಷಯವಾಗಿ ತಿಳಿಯುತ್ತದೆ. ಅದಕ್ಕಿಂತ ಕಾಯಿಲೆ ಅನುಭವಿಸಿದವರ ಬಾಯಿಂದಲೇ, ಮೇಷ್ಟ್ರು ಮೇಡಂಗಳ ಎದುರಿಗೆ ಕೇಳುವುದು ಎಷ್ಟೋ ವಾಸಿ. ನಿಮ್ಮ ಮನೆಯ ಸಂಸ್ಕಾರದ ಬಗ್ಗೆ ನನಗೆ ಗೌರವ ಇದೆ. ನಾಳೆ ಅಮ್ಮನಿಗೋ ಅಕ್ಕನಿಗೋ ಹುಷಾರಿಲ್ಲ ಅಂದಾಗ ಮುಖ ತಿರುಗಿಸದ ಹುಡುಗ ಬೇಕು ಅನ್ನುವುದೂ ಅದೇ ಸಂಸ್ಕಾರ ತಾನೇ?

ಇನ್ನೊಂದು ಮಾತು. ಕಾಯಿಲೆಯವರ ಜೊತೆ ಮಕ್ಕಳನ್ನು ಕಳಿಸುತ್ತೀರಾ ಎಂದು ಒಬ್ಬರು ಕೇಳಿದ್ದಾರೆ. ಕ್ಯಾನ್ಸರ್ ಅಂಟುವ ರೋಗ ಅಲ್ಲ. ಇದಕ್ಕೆ ಇದಕ್ಕಿಂತ ಜಾಸ್ತಿ ಬರೆಯುವುದಿಲ್ಲ.

ಚಿಕಿತ್ಸೆ ಆದವರು ಬೆಟ್ಟ ಹತ್ತಬಾರದು, ಏನಾದರೂ ಆದರೆ ಯಾರು ಹೊಣೆ ಎಂಬ ಕಾಳಜಿ ಮಾತ್ರ ನ್ಯಾಯವಾದದ್ದೇ. ಹಿಂದೆ ಡಾಕ್ಟರುಗಳೂ ಹಾಗೇ ಹೇಳುತ್ತಿದ್ದರು, ಆ ಕೈಯಲ್ಲಿ ಭಾರ ಎತ್ತಬೇಡಿ, ಜೋರಾಗಿ ಬಳಸಬೇಡಿ ಅಂತ. 1996ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಡಾ. ಡಾನ್ ಮೆಕೆಂಜಿ ಅವರು ಇದೇ ಕಾಯಿಲೆಯಿಂದ ಗುಣವಾದ ಹೆಂಗಸರನ್ನು ಡ್ರ್ಯಾಗನ್ ದೋಣಿಯಲ್ಲಿ ಕೂರಿಸಿ ಹುಟ್ಟು ಹಾಕಿಸಿ ನೋಡಿದರು. ಕೈ ಊದಲಿಲ್ಲ. ಆಮೇಲೆ ಅಭಿಪ್ರಾಯ ಬದಲಾಯಿತು. ಸಾಮಾನ್ಯವಾಗಿ ಈಗ ನಿಧಾನಕ್ಕೆ ಅಭ್ಯಾಸ ಮಾಡಿಕೊಂಡು ವ್ಯಾಯಾಮ ಮಾಡಿ ಎಂದೇ ಹೇಳುತ್ತಾರೆ. ನಮ್ಮ ಹೆಂಗಸರು ತಂತಮ್ಮ ಡಾಕ್ಟರನ್ನು ಕೇಳಿಯೇ ಹೊರಟಿದ್ದಾರೆ.

ಜಪಾನಿನ ಫುಜಿ ಪರ್ವತವನ್ನೂ 2000ದಲ್ಲಿ ಅಮೆರಿಕದ ಮತ್ತು ಜಪಾನಿನ ಇಂಥ ಹೆಂಗಸರು ಸೇರಿ ಹತ್ತಿದ್ದರು. 3,776 ಮೀಟರ್. ಅಲ್ಲಿಯ ಜನ ಭಕ್ತಿಯಿಂದ ಹತ್ತುವ ಬೆಟ್ಟ ಅದು. ನಮಗೇನು ಇದು ಹೊಸತಾ? ಆಷಾಢದಲ್ಲಿ ಚಾಮುಂಡಿ ಬೆಟ್ಟದ ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ, ಸೊಂಟ ಬಗ್ಗಿಸಿಕೊಂಡೇ ಸಾವಿರ ಮೆಟ್ಟಿಲು ಏರುವ ಹೆಂಗಸರನ್ನು ನೀವೆಲ್ಲ ನೋಡಿದ್ದೀರಿ. ಯಾರ ಕಾಯಿಲೆಗೆ ಆ ಹರಕೆ, ನಾವು ಕೇಳುವುದಿಲ್ಲ, ಅವರೂ ಹೇಳುವುದಿಲ್ಲ. ಈ ಭಾನುವಾರ ಹತ್ತುವವರು ಬಾಯಿಬಿಟ್ಟು ಹೇಳಿಕೊಂಡು ಹತ್ತುತ್ತಾರೆ, ಅಷ್ಟೇ ವ್ಯತ್ಯಾಸ.

ಬೆಟ್ಟಕ್ಕೆ ಬರಲೇಬೇಕು ಎಂಬ ಬಲವಂತ ಯಾರಿಗೂ ಇಲ್ಲ. ಬರದ ಮಕ್ಕಳನ್ನು ಯಾರೂ ಏನೂ ಅನ್ನುವುದಿಲ್ಲ, ಅದು ನನ್ನ ಜವಾಬ್ದಾರಿ. ಹತ್ತನೇ ತರಗತಿಯವರ ಪಾಠ ಹಿಂದೆ ಬೀಳುತ್ತದೆ ಎಂಬ ಚಿಂತೆ ಬೇಡ, ಅವತ್ತು ರಜೆ.

ಅಂದಹಾಗೆ, ತಾಯಂದಿರಿಗೆ ಒಂದು ವಿಷಯ. 30 ದಾಟಿದ ಹೆಂಗಸರಿಗೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸ್ತನದ ತಪಾಸಣೆ ಪುಕ್ಕಟೆ ಇರುತ್ತದೆ. ನಿಮ್ಮ ಬೀದಿಯ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಯಾವತ್ತು ಹೋಗಬೇಕು ಅಂತ ಹೇಳುತ್ತಾರೆ.

ಬೆಟ್ಟಕ್ಕೆ ಬರುವವರ ಒಪ್ಪಿಗೆ ಚೀಟಿಗೆ ಸಹಿ ಹಾಕಿ ಶುಕ್ರವಾರದೊಳಗೆ ತರಗತಿ ಶಿಕ್ಷಕರಿಗೆ ಕಳಿಸಿಕೊಡಿ.

ಬೆಳಿಗ್ಗೆ ಆರು ಗಂಟೆಗೆ ಬೆಟ್ಟದ ಪಾದದ ಹತ್ತಿರ ಸೇರುತ್ತೇವೆ. ಶೂ ಹಾಕಿಸಿ, ಚಪ್ಪಲಿ ಬೇಡ. ನೀರಿನ ಬಾಟಲಿ ಮನೆಯಿಂದಲೇ ಕೊಡಿ. ತಿಂಡಿಗೆ ಮೇಲೆ ಉಪ್ಪಿಟ್ಟು ಕೇಸರಿಬಾತ್ ವ್ಯವಸ್ಥೆ ಆಗಿದೆ. ಕೋತಿಗಳ ಕಾಟ ಇದೆ, ಕೈಯಲ್ಲಿ ಕವರು ಹಿಡಿಸಿ ಕಳಿಸಬೇಡಿ.

ಇಂತಿ ನಿಮ್ಮ,
ಮುಖ್ಯೋಪಾಧ್ಯಾಯರು

ಮರೆತಿದ್ದೆ: ಅಪ್ಪಂದಿರೂ ಬರಬಹುದು. ಇಬ್ಬರು ಈಗಾಗಲೇ ಹೆಸರು ಕೊಟ್ಟಿದ್ದಾರೆ.