ಜಾರ್ಜ್ ನೇಗಸ್ ಅವರ ವೃತ್ತಿಜೀವನ: ಸದಸ್ಯರ ಗಮನಕ್ಕೆ

ಆತ್ಮೀಯ ಸದಸ್ಯರೇ,

2024ರ ಅಕ್ಟೋಬರ್‌ನಲ್ಲಿ 82ನೆಯ ವಯಸ್ಸಿನಲ್ಲಿ ನಿಧನರಾದ ಆಸ್ಟ್ರೇಲಿಯಾದ ಪತ್ರಕರ್ತ ಜಾರ್ಜ್ ನೇಗಸ್ ಅವರ ಕುರಿತು ಈ ವಾರ ಚರ್ಚಿಸೋಣ. ಬ್ರಿಸ್ಬೇನ್‌ನಲ್ಲಿ ಹುಟ್ಟಿ, ಶಾಲಾ ಶಿಕ್ಷಕರಾಗಿದ್ದು ಪತ್ರಿಕೋದ್ಯಮಕ್ಕೆ ಬಂದ ಅವರು, 1979ರಲ್ಲಿ ಆರಂಭವಾದ ‘ಸಿಕ್ಸ್ಟಿ ಮಿನಿಟ್ಸ್’ ಎಂಬ ಟಿವಿ ಸುದ್ದಿ ಕಾರ್ಯಕ್ರಮದ ಆಸ್ಟ್ರೇಲಿಯಾ ಆವೃತ್ತಿಯ ಮೊದಲ ವರದಿಗಾರರಲ್ಲಿ ಒಬ್ಬರು.

ಜನರು ನಿಮ್ಮನ್ನು ಹಟಮಾರಿ ಎನ್ನುತ್ತಾರೆ ಎಂದು ಬ್ರಿಟನ್ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅವರ ಎದುರೇ ಅವರು ಹೇಳಿದಾಗ, ಹಾಗೆಂದವರು ಯಾರು, ಎಲ್ಲಿ, ಯಾವಾಗ ಎಂದು ಆಕೆ ಪಟ್ಟುಬಿಡದೆ ಮರುಪ್ರಶ್ನಿಸಿದರು. ಸಂದರ್ಶನ ಕಲಿಯುವವರು ಈ ಸಂಭಾಷಣೆಯನ್ನು ತಪ್ಪದೆ ನೋಡಬೇಕು, ಏಕೆಂದರೆ ಆಧಾರವನ್ನು ಹೆಸರಿಸದ ಪ್ರಶ್ನೆಯು ಅದನ್ನು ಕೇಳಿದವರ ಕಡೆಗೇ ತಿರುಗುವುದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಮುಂದೆ ಆಸ್ಟ್ರೇಲಿಯಾದ ಸಾರ್ವಜನಿಕ ಪ್ರಸಾರ ಸಂಸ್ಥೆಗಳಾದ ಎಬಿಸಿಯ ‘ಫಾರಿನ್ ಕರೆಸ್ಪಾಂಡೆಂಟ್’, ಎಸ್‌ಬಿಎಸ್‌ನ ‘ಡೇಟ್‌ಲೈನ್’ ಎಂಬ ವಿದೇಶಿ ವಿದ್ಯಮಾನಗಳ ಕಾರ್ಯಕ್ರಮಗಳ ನಿರೂಪಕರಾಗಿ ಅವರು ಹೊರಜಗತ್ತನ್ನು ಆಸ್ಟ್ರೇಲಿಯಾದ ಮನೆಗಳಿಗೆ ತಲುಪಿಸಿದರು. ನನ್ನ ದೃಷ್ಟಿಯಲ್ಲಿ ಅವರ ನಿಜವಾದ ಸಾಧನೆ ಇದೇ. ದಯವಿಟ್ಟು ಈ ವಿಷಯಕ್ಕೆ ಸಂಬಂಧಿಸಿದ ಸಂದೇಶಗಳನ್ನಷ್ಟೇ ಹಾಕಿ.