ಮೀಟರ್ ಬೆವರಿದೆ ಅಂದೆಯಲ್ಲ, ಅದಕ್ಕೆ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಫೋಟೋ ನೋಡಿದೆ. ನಮ್ಮ ಹಳೇ ಹೆರಾಲ್ಡ್ ಕಾರಿನ ಸ್ಪೀಡೋಮೀಟರ್ ಗಾಜಿನ ಒಳಗಡೆ ಹನಿ ಕಟ್ಟಿದೆ, ಮುಳ್ಳು ಎಲ್ಲಿದೆ ಅಂತಲೇ ಕಾಣುತ್ತಿಲ್ಲ. ಫೋನಲ್ಲೇ ಹೇಳಪ್ಪಾ ಅಂದೆ. ಫೋನಲ್ಲಿ ಹೇಳಿದರೆ ನೀನು ಅರ್ಧ ಕೇಳಿಸಿಕೊಂಡು ಸ್ಕ್ರೂಡ್ರೈವರ್ ಹಿಡಿದುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಆ ವರ್ಕ್‌ಶಾಪಿನವನು ಹೇಳಿದ ಅಂತ ಮೀಟರ್ ಸುತ್ತ ಸಿಲಿಕೋನ್ ಅಂಟು ಬಳಿಸಬೇಡ. ಬಿಸಿ ಅನ್ನ ಹಾಕಿ ಟಿಫಿನ್ ಬಾಕ್ಸ್ ಮುಚ್ಚಿದರೆ ಮುಚ್ಚಳದಿಂದ ನೀರು ತೊಟ್ಟಿಕ್ಕುತ್ತದಲ್ಲ, ಅದೇ ಆಗುತ್ತೆ. ಒಳಗಿರುವ ತೇವ ಒಳಗೇ ಉಳಿಯುತ್ತೆ. ಆ ಕಾಲದ ಮೀಟರ್ ಗಾಳಿಯಾಡದ ಡಬ್ಬಿಯಲ್ಲ. ಅದು ಉಸಿರಾಡುತ್ತೆ. ಓಡಿಸುವಾಗ ಬಿಸಿಯಾಗಿ ಒಳಗಿನ ಗಾಳಿ ಹಿಗ್ಗಿ ಸ್ವಲ್ಪ ಹೊರಗೆ ಹೋಗುತ್ತೆ. ನಿಲ್ಲಿಸಿ ತಣ್ಣಗಾದಾಗ ಕಾರಿನೊಳಗಿನ ಗಾಳಿಯನ್ನು ಎಳೆದುಕೊಳ್ಳುತ್ತೆ. ತೇವ ಪೂರ್ತಿ ತುಂಬಿಕೊಂಡ ಒಂದು ಘನ ಮೀಟರ್ ಗಾಳಿಯಲ್ಲಿ 30 ಡಿಗ್ರಿ ಬಿಸಿ ಇದ್ದಾಗ ಸುಮಾರು 30 ಗ್ರಾಂ ನೀರಾವಿ ಇರುತ್ತೆ. 20 ಡಿಗ್ರಿಗೆ ಇಳಿದರೆ ಅದು 17 ಗ್ರಾಂ ಮಾತ್ರ ಹಿಡಿದುಕೊಳ್ಳಬಲ್ಲದು. ಮಿಕ್ಕಿದ್ದು ಎಲ್ಲಿಗೆ ಹೋಗಬೇಕು? ಎಲ್ಲಕ್ಕಿಂತ ಮೊದಲು ತಣ್ಣಗಾಗುವ ಗಾಜಿನ ಮೇಲೆ ಕೂರುತ್ತೆ. ಹಾಗಾಗಿ ಮೀಟರ್ ಕೆಟ್ಟಿಲ್ಲ. ನಿನ್ನ ಕಾರಿನೊಳಗೆ ನೀರಿದೆ.

ಸಕಲೇಶಪುರದ ಮಳೆಯಲ್ಲಿ ಇಷ್ಟು ವರ್ಷ ಇದ್ದ ಕಾರು ಬೆಂಗಳೂರಿಗೆ ಬಂದು ಬೆವರುತ್ತಿದೆಯಲ್ಲ ಅಂತ ನಿಮ್ಮಮ್ಮನಿಗೆ ನಗು. ನನಗೆ ಆಶ್ಚರ್ಯ ಇಲ್ಲ. ಇಲ್ಲೂ ಜುಲೈನಲ್ಲಿ ಗಾಜು ಮಂಜಾಗುತ್ತಿತ್ತು. ಆದರೆ ನಮ್ಮ ಶೆಡ್ಡಿಗೆ ಮೂರು ಕಡೆ ಗೋಡೆಯೇ ಇಲ್ಲ. ಮಳೆ ಸುರಿದರೂ ಗಾಳಿ ಓಡಾಡುತ್ತಿತ್ತು, ಒಂಬತ್ತು ಗಂಟೆಯ ಹೊತ್ತಿಗೆ ಗಾಜು ತಾನೇ ತಿಳಿಯಾಗುತ್ತಿತ್ತು. ನೀನು ಅದನ್ನು ಬೇಸ್‌ಮೆಂಟಿಗೆ ಇಳಿಸಿ, ಮೇಲೆ ಪ್ಲಾಸ್ಟಿಕ್ ಕವರ್ ಹೊದಿಸಿದ್ದೀಯ. ಮಳೆಯಲ್ಲಿ ನೆಂದು ಬಂದ ಕಾರಿಗೆ ರೇನ್‌ಕೋಟ್ ತೊಡಿಸಿ ಮಲಗಿಸಿದ ಹಾಗಾಯ್ತು. ಕವರ್ ಇವತ್ತೇ ತೆಗಿ. ಧೂಳು ಬಿದ್ದರೆ ಬೀಳಲಿ. ಹಗಲು ಹೊತ್ತು ಕಿಟಕಿ ಎರಡು ಬೆರಳಷ್ಟು ಇಳಿಸಿಡು.

ಇನ್ನೊಂದು, ಮೀಟರಿಗೆ ಎಲ್‌ಇಡಿ ಬಲ್ಬ್ ಹಾಕಿಸಿದ್ದೀಯ ಅಲ್ವಾ? ಹಳೇ ಬಲ್ಬು ಎರಡು ವ್ಯಾಟಿನ ಆಸುಪಾಸಿನದು. ಬೆಳಕು ಮಂಕು, ಆದರೆ ಅದರ ಬಿಸಿ ರಾತ್ರಿ ಓಡಿಸುವಾಗ ಗಾಜನ್ನು ಒಣಗಿಸುತ್ತಿತ್ತು. ಎಲ್‌ಇಡಿಗೆ ಆ ಬಿಸಿ ಇಲ್ಲ. ಹಳೇದು ಎಸೆದಿಲ್ಲದಿದ್ದರೆ ವಾಪಸ್ ಹಾಕು.

ಈಗ ನೀರು ಹುಡುಕಬೇಕು. ಹೆರಾಲ್ಡ್ ಬಾಡಿ ಒಂದೇ ತುಂಡಲ್ಲ. ಛಾಸಿ ಅನ್ನುವ ಪ್ರತ್ಯೇಕ ಅಡಿಚೌಕಟ್ಟಿನ ಮೇಲೆ ತುಂಡು ತುಂಡಾಗಿ ಬೋಲ್ಟ್ ಹಾಕಿ ಕೂರಿಸಿದ್ದು. ಪ್ರತಿ ಜೋಡಣೆಯೂ ನೀರಿಗೆ ಒಂದು ಬಾಗಿಲು. ನಮ್ಮದಕ್ಕಂತೂ ನಿಜವಾದ ಬಾಗಿಲೇ ನಾಲ್ಕು. ಇಂಗ್ಲೆಂಡಿನ ಹೆರಾಲ್ಡಿಗೆ ಎರಡೇ ಇದ್ದದ್ದು, ನಾಲ್ಕು ಬಾಗಿಲಿನದು ಮದ್ರಾಸಿನಲ್ಲಿ ಮಾತ್ರ ಮಾಡಿದ್ದು. ಅಜ್ಜ ಇದನ್ನು ಬಂದವರಿಗೆಲ್ಲ ಹೇಳುತ್ತಿದ್ದರು, ನಾನೂ ಬಿಡಲಿಲ್ಲ ನೋಡು.

ಕಾರ್ಪೆಟ್ ಎತ್ತಿ ಕೆಳಗೆ ನ್ಯೂಸ್‌ಪೇಪರ್ ಒತ್ತಿ ನೋಡು. ಒದ್ದೆಯಾದರೆ ಕಾರ್ಪೆಟ್ ಹೊರಗೆ ತೆಗೆದು ಟೆರೇಸ್ ಮೇಲೆ ಹರಡು. ಡ್ಯಾಶ್‌ಬೋರ್ಡ್ ಕೆಳಗಿನ ತಗಡನ್ನು ಒರೆಸಿ ರಂಗೋಲಿ ಪುಡಿ ತೆಳ್ಳಗೆ ಉದುರಿಸು. ಆಮೇಲೆ ಮುಂದಿನ ಗಾಜಿನ ಬುಡಕ್ಕೆ ಚೊಂಬಿನಲ್ಲಿ ಮೆಲ್ಲಗೆ ನೀರು ಬಿಡು. ನೀರು ಬಂದ ದಾರಿಯಲ್ಲಿ ಪುಡಿಯ ಮೇಲೆ ಗೆರೆ ಬೀಳುತ್ತೆ. ನನಗೆ ಗಾಜಿನ ರಬ್ಬರ್ ಬೀಡಿಂಗ್ ಮೇಲೇ ಅನುಮಾನ. ಬಾನೆಟ್ ಪೂರ್ತಿ ಮುಂದಕ್ಕೆ ಬಾಗಿಸಿ, ವೈರ್ ಒಳಗೆ ಹೋಗುವ ತೂತುಗಳ ರಬ್ಬರನ್ನೂ ನೋಡು. ಬಿಸ್ಕತ್ತಿನ ಹಾಗೆ ಪುಡಿಯಾದರೆ ಬದಲಿಸಬೇಕು.

ಇಷ್ಟಾದ ಮೇಲೆ ಮೀಟರ್. ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚದೆ ಹಿಂದೆ ಕೈ ಹಾಕಬೇಡ. ವೈರುಗಳ ಫೋಟೋ ತೆಗೆದಿಟ್ಟುಕೋ. ಮೀಟರಿಗೆ ಬರುವ ಕೇಬಲ್ಲಿನ ನಟ್ ಕೈಯಲ್ಲೇ ಬಿಚ್ಚಬೇಕು, ಪ್ಲೈಯರ್ ಹಾಕಿದರೆ ಎಳೆ ಹಾಳಾಗುತ್ತೆ. ಬಲ್ಬಿನ ಹೋಲ್ಡರ್ ಸುಮ್ನೆ ಎಳೆದರೆ ಬರುತ್ತೆ. ಹಿಂದಿನ ಪಟ್ಟಿ ಬಿಚ್ಚಿದರೆ ಮೀಟರ್ ಮುಂದಕ್ಕೆ ಜಾರಿ ಬರುತ್ತೆ.

ಮುಂದಿನ ರಿಮ್ಮಿನ ಒಳಗೆ ಸಣ್ಣ ನಾಲಿಗೆಗಳಿವೆ. ರಿಮ್ ತಿರುಗಿಸುತ್ತಾ ಹೋದರೆ ಅವು ಡಬ್ಬಿಯ ಕಚ್ಚುಗಳ ಎದುರಿಗೆ ಬರುತ್ತವೆ, ಆಗ ಕಳಚಿಕೊಳ್ಳುತ್ತೆ. ಹಳೇ ರಬ್ಬರ್ ಅಂಟಿಕೊಂಡು ಜಗ್ಗುವುದಿಲ್ಲ. ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಸುತ್ತಿ ಹಿಡಿ, ಅತ್ತ ಒಂದು ಕೂದಲೆಳೆ, ಇತ್ತ ಒಂದು ಕೂದಲೆಳೆ ತಿರುಗಿಸು. ಮೀಟುವುದು ಬೇಡ, ಗಾಜು ಚಕ್ಕೆ ಏಳುತ್ತೆ. ಗಾಜನ್ನು ಪಾತ್ರೆ ಸೋಪಿನ ಒಂದು ಹನಿಯಲ್ಲಿ ತೊಳೆ. ಡಯಲ್ಲನ್ನೂ ಮುಳ್ಳನ್ನೂ ಮುಟ್ಟಬೇಡ. ಮುಳ್ಳಿನ ಹಿಂದೆ ಕೂದಲಿನಂಥ ಸ್ಪ್ರಿಂಗ್ ಇದೆ.

ಡಯಲ್ ವಿಷಯದಲ್ಲಿ ನಿನಗೊಂದು ನಿಜ ಹೇಳಬೇಕು. ಚಿಕ್ಕವಳಿದ್ದಾಗ "ನಲವತ್ತಾದ ಮೇಲೆ ಆರು ಯಾಕಪ್ಪಾ ಬರುತ್ತೆ?" ಅಂತ ಕೇಳುತ್ತಿದ್ದೆ. ಕಂಪನಿಯಿಂದ ಹಾಗೇ ಬಂದಿದ್ದು ಅಂತ ಹೇಳಿದ್ದೆ. ಸುಳ್ಳು. ನೀನು ಹುಟ್ಟುವ ಹಿಂದಿನ ಮಳೆಗಾಲ ಇದೇ ಮೀಟರನ್ನು ನಿಮ್ಮಮ್ಮನ ಹೇರ್ ಡ್ರೈಯರಿನಿಂದ ಒಣಗಿಸಲು ಹೋದೆ. ಬಣ್ಣ ಮೆತ್ತಗಾಗಿತ್ತು. ಗೊತ್ತಾಗದೆ ಬಟ್ಟೆಯಲ್ಲಿ ಒರೆಸಿದೆ, ಅರವತ್ತರ ಸೊನ್ನೆ ಬಟ್ಟೆಗೆ ಅಂಟಿಕೊಂಡು ಬಂತು. ಅಜ್ಜ ಮರುದಿನ ಗೇಟು ದಾಟುವ ಮೊದಲೇ ಕಂಡುಹಿಡಿದರು. ಏನೂ ಅನ್ನಲಿಲ್ಲ. ಹಾಸನದವರೆಗೂ ಏನೂ ಅನ್ನಲಿಲ್ಲ.

ಹಾಗಾಗಿ ಹೇರ್ ಡ್ರೈಯರ್ ಬೇಡ. ಅಕ್ಕಿ ಡಬ್ಬಿಯಲ್ಲಿ ಹೂಳುವುದೂ ಬೇಡ, ಅಕ್ಕಿ ಹುಡಿ ಹಲ್ಲುಚಕ್ರಕ್ಕೆ ಸೇರುತ್ತೆ. ಗಾಳಿಯಾಡದ ದೊಡ್ಡ ಡಬ್ಬಿಯಲ್ಲಿ ನಾಲ್ಕೈದು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಎರಡು ದಿನ ಇಡು, ಸಾಕು. ಆ ಹೊತ್ತಿಗೆ ಗಾಜಿನ ಕೆಳಗಿನ ರಬ್ಬರ್ ರಿಂಗನ್ನು ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರೋಡಿಗೆ ತಗೊಂಡು ಹೋಗಿ ಅದೇ ದಪ್ಪದ್ದು ತಾ. ದಪ್ಪ ಜಾಸ್ತಿಯಾದರೆ ರಿಮ್ ಕೂರುವುದಿಲ್ಲ. ಹಿಂದೆ ಸಣ್ಣ ತೂತು ಕಂಡರೆ ಮುಚ್ಚಬೇಡ. ಒಳಗಿನ ತೇವ ಹೊರಗೆ ಹೋಗಲು ಅದೂ ಒಂದು ದಾರಿ.

ಸೊನ್ನೆ ಬರೆಸಬೇಕು ಅನ್ನಿಸಿದರೆ ಬರೆಸು. ನನ್ನದೇನೂ ಅಭ್ಯಂತರ ಇಲ್ಲ. ರಂಗೋಲಿಯ ಮೇಲೆ ಗೆರೆ ಎಲ್ಲಿ ಬಿತ್ತು ಅನ್ನುವ ಫೋಟೋ ಮಾತ್ರ ಮರೆಯದೆ ಕಳಿಸು.

ನಿನ್ನ
ಅಪ್ಪ