ನಮ್ಮ ಹುಡುಗೂರ ಮೊಣಕಾಲ ಸಲುವಾಗಿ ಒಂದು ಮನವಿ

ಧಾರವಾಡದಾಗಿರೋ ಮತ್ತ ಊರು ಬಿಟ್ಟು ದೂರ ಹೋಗಿರೋ ನಮ್ಮ ಶಾಲಿ ಹಳೇ ವಿದ್ಯಾರ್ಥಿಗಳಿಗೆ, ಪಾಲಕರಿಗೆ ನಮಸ್ಕಾರ್ರಿ. ಈ ಸಲ ಜರ್ಸಿಗೆ, ಟ್ರೋಫಿಗೆ ರೊಕ್ಕ ಕೇಳಾಕತ್ತಿಲ್ಲ. ಬಾಸ್ಕೆಟ್‌ಬಾಲ್ ಕೋರ್ಟ್ ರಿಪೇರಿ ಆಗಬೇಕು, ಹುಡುಗೂರಿಗೆ ಜಿಗದು ಇಳಿಯೋದು ಕಲಿಸಬೇಕು, ಅದಕ್ಕ.

ರಿಂಗ್ ಇರೋದು 3.05 ಮೀಟರ್ ಎತ್ತರಕ್ಕ. ರಿಬೌಂಡ್‌ಗೆ (ರಿಂಗಿಗೆ ಬಡದು ವಾಪಸ್ ಬಂದ ಬಾಲ್ ಹಿಡಿಯಾಕ), ಲೇ-ಅಪ್‌ಗೆ (ರಿಂಗ್ ಹತ್ರ ಓಡಿ ಹೋಗಿ ಬಾಲ್ ಹಾಕಾಕ) ಹುಡುಗೂರು ಜಿಗಿತಾನ ಇರ್ತಾರ, ಎಲ್ಲಾರ ಕಣ್ಣು ಬಾಲ್ ಮ್ಯಾಲ, ಕೆಳಗ ಕಾಲು ಹೆಂಗ ಬಿತ್ತು ಅಂತ ಯಾರೂ ನೋಡಂಗಿಲ್ಲ. ಮೊಣಕಾಲು ಬಗ್ಗಿಸದ ಕೋಲಿನಂಗ ನೆಟ್ಟಗ ಇಳದ್ರ, ಇಲ್ಲಾ ಒಂದ ಕಾಲ ಮ್ಯಾಲ ಭಾರ ಬಿದ್ದು ಮೊಣಕಾಲು ಒಳಗಡೆ ವಾಲಿದ್ರ ಎಸಿಎಲ್ ಅನ್ನೋ ಲಿಗಮೆಂಟ್ (ಮೊಣಕಾಲ ಒಳಗ ಎಲುಬುಗಳನ್ನ ಹಿಡದಿಡೋ ಗಟ್ಟಿ ಪಟ್ಟಿ) ಹರಿಯಬಹುದು, ಅದಕ್ಕ ಯಾರೂ ಡಿಕ್ಕಿ ಹೊಡೀಬೇಕಂತಿಲ್ಲ, ಇಂಥಾ ಪೆಟ್ಟು ಬಹಳಷ್ಟು ಯಾರೂ ಮುಟ್ಟದ ಆಗೋವು. ಹುಡಿಗ್ಯಾರಿಗೆ ಈ ಅಪಾಯ ಹುಡುಗರಕಿಂತ ಎರಡು ಪಟ್ಟಿಗೂ ಹೆಚ್ಚು, ಅದ್ರಾಗೂ ಒಮ್ಮಿಲೇ ಎತ್ತರ ಬೆಳಿಯೋ ವಯಸ್ಸಿನ್ಯಾಗ. ಆಪರೇಷನ್ ಆತಂದ್ರ ಮತ್ತ ಆಟಕ್ಕ ಬರಾಕ 9 ತಿಂಗಳರ ಬೇಕು. ಎಸ್ಸೆಸ್ಸೆಲ್ಸಿ ವರ್ಷದಾಗ ಆತಂದ್ರ ಆ ಮನಿಯವರ ಪಾಡು ನೀವ ಲೆಕ್ಕಾ ಹಾಕ್ರಿ.

ಕಲಿಸಾಕ ಭಾಳ ಖರ್ಚಿಲ್ರಿ. 30 ಸೆಂಟಿಮೀಟರ್ ಎತ್ತರದ ಕಟ್ಟಿಗಿ ಬಾಕ್ಸ್ ಮ್ಯಾಲಿಂದ ಮುಂದಕ್ಕ ಜಿಗಿಸಿ, ಇಳದ ಕೂಡ್ಲೇ ಮತ್ತ ಮ್ಯಾಲ ಜಿಗಿಸಿ, ಮುಂದಿಂದ ಒಂದು ಬಾಜೂದಿಂದ ಒಂದು ಮೊಬೈಲ್ ಹಿಡದು ವಿಡಿಯೋ ತಗದ್ರ ಯಾರ ಮೊಣಕಾಲು ಒಳಗ ಹೋಗ್ತಾವ ಅಂತ ನಮ್ಮ ಪೀಟಿ ಮಾಸ್ತರಿಗೂ ಕಾಣತೈತಿ. ಆಮ್ಯಾಲ ವಾರಕ್ಕ ಎರಡು-ಮೂರು ಸಲ ಪ್ರಾಕ್ಟೀಸ್‌ಗೆ ಮೊದ್ಲ 15-20 ನಿಮಿಷ ಸ್ಕ್ವಾಟ್ (ಬೈಠಕ್), ಲಂಜ್ (ಒಂದು ಕಾಲು ಮುಂದ ಇಟ್ಟು ಮೊಣಕಾಲು ಬಗ್ಗಿಸೋದು), ಒಂಟಿಗಾಲ ಮ್ಯಾಲ ನಿಲ್ಲೋದು, ಸಪ್ಪಳ ಆಗದಂಗ ಇಳಿಯೋದು. ಹುಡುಗೂರಿಗೆ ಇದು ಬ್ಯಾಸರ, ಖರೇ, ಆದ್ರ ಬಿಡದ ಮಾಡಿಸಿದ್ರ ಪೆಟ್ಟು ಕಡಿಮಿ ಆಗ್ತಾವ.

ಖರ್ಚು ಇರೋದು ಕೋರ್ಟಿಗೆ. ನಮ್ಮದು ಎರಿ ಮಣ್ಣು, ಮಳಿಗೆ ಉಬ್ಬತೈತಿ, ಬ್ಯಾಸಗ್ಯಾಗ ಬಿರಿತೈತಿ, ಮ್ಯಾಲಿನ ಕಾಂಕ್ರೀಟೂ ಅದರ ಕೂಡ ಸೀಳತೈತಿ. ಆ ಬಿರುಕಿನ ಅಂಚಿನ ಮ್ಯಾಲ ಇಳದ್ರ ಎಷ್ಟು ಚಂದ ಕಲ್ತಿದ್ರೂ ಕಾಲು ಉಳಕತೈತಿ. ತೇಪಿ ಹಚ್ಚಿ ನೋಡಿದ್ದಾತು, ನಿಲ್ಲವಲ್ದು. 28 ಮೀಟರ್ ಉದ್ದ, 15 ಮೀಟರ್ ಅಗಲ ಪೂರಾ ಕಿತ್ತು, ಎರಿ ತಗದು, ಗರಸು ತುಂಬಿ, ರೋಲರ್ ಹೊಡದು ಹೊಸದಾಗಿ ಹಾಕಬೇಕು.

500 ಕೊಡ್ರಿ, 5000 ಕೊಡ್ರಿ, ನಿಮ್ಮ ಅನುಕೂಲ. ರೊಕ್ಕ ಆಗಂಗಿಲ್ಲ ಅಂದ್ರ ಒಂದು ಟ್ರ್ಯಾಕ್ಟರ್ ಗರಸು ಕಳಸ್ರಿ, ಬಡಿಗತನ ಗೊತ್ತಿದ್ದವರು ಬಾಕ್ಸ್ ಮಾಡಿಕೊಡ್ರಿ, ಫಿಜಿಯೋಥೆರಪಿ ಕಲ್ತ ಹಳೇ ಹುಡುಗೂರು ಯಾರರ ಇದ್ರ ತಿಂಗಳಿಗೆ ಒಂದ ಸಲ ಬಂದು ನೋಡಿ ಹೋಗ್ರಿ. ಚೆಕ್ ಟ್ರಸ್ಟ್ ಹೆಸರಿಗೇ ಬರೀರಿ, ನಗದು ಕೊಟ್ರ ಶಾಲಿ ಆಫೀಸಿನ್ಯಾಗ ರಸೀದಿ ಇಸ್ಕೊಳ್ದ ಹೋಗಬ್ಯಾಡ್ರಿ. ಮಳಿ ಹಿಡಿಯೋದ್ರಾಗ ಕೆಲಸ ಮುಗಿಸಬೇಕಂತ ಐತಿ, ಆದಷ್ಟು ಲಗೂನ ಕೊಡ್ರಿ.